ಡೆಲಿವರಿ: ಹದಿನಾಲ್ಕು, ಗುರುವಾರ

ಜನವರಿ 18

ಮಾನ್ಯ ಎದುರು ಪಕ್ಷದ ಅಕ್ಕನವರ ಸನ್ನಿಧಾನಕ್ಕೆ,

ನಿನ್ನ ತಂಗಿ, ಅಂದರೆ ನೀನು ಹೂಡಿದ ದಾವೆಯಲ್ಲಿ ಒಂದನೇ ಪ್ರತಿವಾದಿ, ಮಾಡುವ ನಮಸ್ಕಾರಗಳು. ಎರಡನೇ ಪ್ರತಿವಾದಿ ಯಾರೂ ಇಲ್ಲ. ಆದರೂ ಜೀವನದಲ್ಲಿ ಮೊದಲ ಸಲ ಯಾವುದರಲ್ಲೋ ಒಂದನೆಯವಳಾದೆನಲ್ಲ ಎಂದು ಬೀಗುತ್ತಿದ್ದೇನೆ.

ನಾವಿಬ್ಬರೂ ಫೋನಿನಲ್ಲಿ ಮಾತಾಡಕೂಡದು ಎಂದು ಎರಡೂ ಕಡೆಯ ಲಾಯರುಗಳು ಹೇಳಿದ್ದಾರೆ. ಕಾಗದ ಬರೆಯಕೂಡದು ಎಂದು ಹೇಳಿಲ್ಲ. ಈ ಕಾಲದಲ್ಲೂ ಆ ಕೆಲಸ ಮಾಡುವವರಿದ್ದಾರೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ಅಲ್ಲದೆ ಫೋನನ್ನು ನೀನು ಮಾತಿನ ನಡುವೆಯೇ ಇಟ್ಟುಬಿಡುತ್ತೀಯ. ಕಾಗದವನ್ನು ಹರಿಯುವುದಕ್ಕೆ ಮುಂಚೆ ಎರಡು ಸಾಲಾದರೂ ಓದಲೇಬೇಕು.

ನಿನ್ನೆ ಮೊದಲ ವಾಯಿದೆ. ನೀನು ಬರಲಿಲ್ಲ, ನಿನ್ನ ಲಾಯರು ಬಂದಿದ್ದರು. ಅವರ ಕರಿ ಕೋಟಿನ ಎಡತೋಳು ಬಲತೋಳಿಗಿಂತ ಅರ್ಧ ಇಂಚು ಉದ್ದ. ಅಪ್ಪ ಇದ್ದಿದ್ದರೆ ಮೊದಲು ಕೋಟು ಬಿಚ್ಚಿಸಿ ಆಮೇಲೆ ವಾದ ಕೇಳುತ್ತಿದ್ದರು. ನ್ಯಾಯಾಧೀಶರು ಹೆಂಗಸು. ಅವರ ಗೌನಿನ ಅಂಚು ಹಿಂಭಾಗದಲ್ಲಿ ಒಂದು ಗೇಣು ಬಿಚ್ಚಿಕೊಂಡು ನೇತಾಡುತ್ತಿತ್ತು. ನನ್ನ ಕೈ ಎಷ್ಟು ತುರಿಸಿತೆಂದರೆ, ನ್ಯಾಯಾಂಗ ನಿಂದನೆಗೆ ಸೂಜಿ ಹಿಡಿದವಳನ್ನೂ ಜೈಲಿಗೆ ಕಳಿಸುತ್ತಾರೋ ಏನೋ ಎಂದು ಸೆರಗಿನೊಳಗೆ ಬಚ್ಚಿಟ್ಟುಕೊಂಡೆ.

ಅಪ್ಪನ ಉಯಿಲನ್ನು ಗುಮಾಸ್ತರು ಗಟ್ಟಿಯಾಗಿ ಓದಿದರು. ಬ್ಲೌಸಿನ ಬೆನ್ನಿನ ಭಾಗಕ್ಕೆ ಕತ್ತರಿಸಿದ ಹಳೇ ಕಂದು ಕಾಗದದ ಮೇಲೆ, ನೀಲಿ ಪೆನ್ಸಿಲಿನಲ್ಲಿ, ಅಪ್ಪ ಬರೆದದ್ದು ಇಷ್ಟೇ ಅಲ್ಲವೆ: "ಮನೆ ಮತ್ತು ಅಂಗಡಿ, ಈಗ ಮೆಷಿನ್ನಿಗೆ ಕೂರುವ ಮಗಳಿಗೆ. ಇನ್ನೊಬ್ಬಳಿಗೆ ನನ್ನ ಕತ್ತರಿ. ಡೆಲಿವರಿ: 14, ಗುರುವಾರ." ಕೆಳಗೆ ಅಪ್ಪನ ಸಹಿ. ಸಾಕ್ಷಿಗೆ ಪಕ್ಕದ ದಾರದಂಗಡಿ ಮಾಮನ ಸಹಿ, ಎದುರಿನ ಇಸ್ತ್ರಿ ಮಾಮನ ಸಹಿ.

"ಯಾವ ತಿಂಗಳು? ಯಾವ ಇಸವಿ? ಮಗಳ ಹೆಸರೆಲ್ಲಿ?" ಎಂದರು ನ್ಯಾಯಾಧೀಶರು.

ನಾನು ಎದ್ದು ನಿಂತು, "ಅಮ್ಮಾ, ನಮ್ಮಪ್ಪ ನಲವತ್ತು ವರ್ಷ ಅಳತೆ ಪುಸ್ತಕ ಬರೆದ್ರು. ಒಬ್ಬ ಗಿರಾಕಿ ಹೆಸರೂ ಬರೀಲಿಲ್ಲ. 'ಸೊಟ್ಟ ಭುಜದ ಮೇಷ್ಟ್ರು', 'ಊದಿಕೊಳ್ತಾ ಇರೋ ಕಂಡಕ್ಟರು' ಅಂತ ಬರೀತಿದ್ರು. ಹೆಸರಿಗೆ ಬಟ್ಟೆ ಹೊಲಿಯೋಕಾಗತ್ತಾ ಅಂತ ಕೇಳ್ತಿದ್ರು. ತಾರೀಕು ಅಂದ್ರೆ ಬಟ್ಟೆ ಕೊಡೋ ತಾರೀಕು ಮಾತ್ರ. ಬರೆದ ದಿನ ಯಾವುದು ಅಂತ ಯಾವತ್ತೂ ಹಾಕಿಲ್ಲ" ಎಂದೆ.

"ಕೊಡ್ತೀನಿ ಅಂದ ತಾರೀಕಿಗೆ ಕೊಡ್ತಿದ್ರಾ?"

"ಅದನ್ನ ಮಾತ್ರ ಕೇಳಬೇಡಿ ಅಮ್ಮಾ."

ಕೋರ್ಟಿನಲ್ಲಿ ಯಾರೂ ನಗಕೂಡದಂತೆ. ನಕ್ಕರು.

ಹಾಗಾಗಿ ಕೇಸೆಲ್ಲ ಒಂದೇ ಮಾತಿನ ಮೇಲೆ ನಿಂತಿದೆ: "ಈಗ" ಅಂದರೆ ಯಾವಾಗ? ನೀನು ಹನ್ನೆರಡು ವರ್ಷ ಆ ಮೆಷಿನ್ನಿಗೆ ಕೂತೆ, ಆಮೇಲೆ ರೆಡಿಮೇಡ್ ಫ್ಯಾಕ್ಟರಿಗೆ ಹೋದೆ. ಆಮೇಲಿನ ಒಂಬತ್ತು ವರ್ಷ ನಾನು ಕೂತಿದ್ದೇನೆ. ನಿನ್ನ ಕಾಲದಲ್ಲಿ ಬರೆದಿದ್ದರೆ ಮನೆ, ಅಂಗಡಿ ನಿನ್ನವು, ನಾನು ಕತ್ತರಿ ಹಿಡಿದು ಬೀದಿಯಲ್ಲಿ ನಿಲ್ಲಬೇಕು. ನನ್ನ ಕಾಲದಲ್ಲಿ ಬರೆದಿದ್ದರೆ ನಾನು ಇದ್ದಲ್ಲೇ ಇರಬಹುದು. ಮುಂದಿನ ವಾಯಿದೆ ಫೆಬ್ರುವರಿಗೆ ಎಂದರು, ಆಮೇಲೆ ಅಲ್ಲ, ಮಾರ್ಚಿಗೆ ಎಂದರು. ಅಪ್ಪನ ಅಂಗಡಿಯೂ ಕೋರ್ಟೂ ಒಬ್ಬರೇ ಗುರುಗಳ ಹತ್ತಿರ ಕಲಿತಿರಬೇಕು.

ಇಂತಿ ನಿನ್ನ ವೈರಿ,
ಗುಂಡಿ


ಜನವರಿ 31

ಗುಂಡಿ,

ಎರಡು ಸಾಲು ಓದಿ ಹರಿಯೋಣವೆಂದಿದ್ದೆ. ಪೂರ್ತಿ ಓದಿಸಿದೆ. ನಿನ್ನ ನಾಲಿಗೆಗೆ ಅಪ್ಪ ಒಂದು ಕಾಜಾ ಹೊಲಿಯಬೇಕಿತ್ತು.

ಫ್ಯಾಕ್ಟರಿ ಮುಚ್ಚಿ ಐದು ತಿಂಗಳಾಯಿತು, ಗೊತ್ತಿದೆ ನಿನಗೆ. ಅದಕ್ಕೇ ಮನೆ ಕೇಳುತ್ತಿದ್ದೇನೆ ಎಂದು ನೀನು ತಿಳಿದಿದ್ದರೆ ತಪ್ಪು. ನನಗೆ ಇಲ್ಲಿ ಒಂದು ಕೋಣೆಯಿದೆ, ಕಿಟಕಿಯಿದೆ, ಕಿಟಕಿಯಿಂದ ಪಕ್ಕದ ಗೋಡೆ ಕಾಣುತ್ತದೆ. ಸಾಕು.

ನಾನು ಹೊರಟ ದಿನ ಅಪ್ಪ ಏನಂದರೆಂದು ನಿನಗೆ ನೆನಪಿದೆಯೋ ಇಲ್ಲವೋ. "ಮುಖಾನೇ ನೋಡದೆ ಬಟ್ಟೆ ಹೊಲಿಯೋ ಕಡೆ ಹೋಗ್ತೀಯಾ? ಹೋಗು. ಅವರು ನಿನ್ನ ಮುಖಾನೂ ನೋಡಲ್ಲ." ಅಷ್ಟೇ. ಅಂದಿನಿಂದ ಹದಿನೇಳು ಕಾಗದ ಬರೆದೆ. ಒಂದಕ್ಕೂ ಉತ್ತರವಿಲ್ಲ.

ಹೋದವಳಿಗೆ ಕತ್ತರಿ ಕೊಡುವುದೆಂದರೆ ಏನರ್ಥ? ಕತ್ತರಿಸಿದೆ ಎಂದು ತಾನೆ? ಆ ಸಾಲಿನ "ಇನ್ನೊಬ್ಬಳು" ನಾನಾಗಲಾರೆ. ಮೊದಲ ಸಾಲಿನ ಮಗಳು ನಾನು ಎಂದು ಯಾರಾದರೂ, ಸಂಬಳಕ್ಕಾದರೂ ಸರಿ, ಓದಿ ಹೇಳಲಿ. ಅದಕ್ಕಾಗಿ ಕೋರ್ಟಿಗೆ ಹೋದೆ.

ಇನ್ನೊಂದು ಮಾತು. ಆ ಕಂದು ಕಾಗದ ನನ್ನ ಬೆನ್ನು. ಭುಜ ಹದಿನಾಲ್ಕೂವರೆ. ನನ್ನ ಹತ್ತೊಂಬತ್ತನೇ ವಯಸ್ಸಿನ ಅಳತೆ. ನೀನು ಕುಳ್ಳಿ, ಆ ಬೆನ್ನು ನಿನ್ನದಾಗಲು ಸಾಧ್ಯವಿಲ್ಲ. ನನ್ನ ಅಳತೆ ಮೇಜಿನ ಮೇಲಿದ್ದ ಕಾಲದಲ್ಲೇ ಅಪ್ಪ ಬರೆದಿದ್ದಾರೆ. ನನ್ನ ಲಾಯರು ಅದನ್ನೇ ವಾದಿಸುತ್ತಾರೆ.

ಟೇಪು


ಮಾರ್ಚ್ 6

ಉದ್ದನೆಯ ಬೆನ್ನಿನ ಅಕ್ಕನವರಿಗೆ,

ನಿನ್ನ ಬೆನ್ನನ್ನು ನಿನ್ನೆ ಕೋರ್ಟಿನಲ್ಲಿ ನಿಶಾನೆ ಹಾಕಿ ದಾಖಲೆಗೆ ಸೇರಿಸಿದರು. ಈಗ ಅದು ಸರ್ಕಾರಿ ಬೆನ್ನು, ಜೋಪಾನ.

ಇಸ್ತ್ರಿ ಮಾಮನ ಸಾಕ್ಷಿಯಾಯಿತು. ದಾರದಂಗಡಿ ಮಾಮ ಅಪ್ಪನ ಹಿಂದೆಯೇ ಹೋದರಲ್ಲ, ಉಳಿದವರು ಇವರೊಬ್ಬರೇ. ಶರಟಿಗೆ ಎಷ್ಟು ಗಂಜಿ ಹಾಕಿಕೊಂಡು ಬಂದಿದ್ದರೆಂದರೆ ಕಟಕಟೆಯಲ್ಲಿ ಕೂರಿ ಎಂದರೆ ಶರಟು ಒಪ್ಪಲಿಲ್ಲ.

"ಈ ಸಹಿ ನಿಮ್ಮದೇನ್ರೀ?"

"ನಂದೇ ಸ್ವಾಮಿ."

"ಯಾವಾಗ ಹಾಕಿದ್ದು?"

"ಊಟ ಆದ್ಮೇಲೆ."

"ಯಾವ ವರ್ಷ ಅಂತ ಕೇಳಿದ್ದು."

"ಸ್ವಾಮಿ, ಊಟ ಆದ್ಮೇಲೆ ನಾನು ಯಾವ ಕಾಗದಕ್ಕಾದ್ರೂ ಸಹಿ ಹಾಕ್ತೀನಿ. ಒಂದು ನೆನಪಿದೆ. ಸಹಿ ಹಾಕಿಸ್ಕೊಂಡು ಟೀ ಕೊಡಿಸ್ಲಿಲ್ಲ ಮಾಸ್ಟ್ರು. 'ಗುರುವಾರ ಕೊಡಿಸ್ತೀನಿ, ಅವತ್ತು ಎಲ್ಲಾರಿಗೂ ಟೀ' ಅಂದ್ರು. ಆ ಟೀ ಇನ್ನೂ ಬಂದಿಲ್ಲ."

ನಿನ್ನ ಲಾಯರು ಎದ್ದು, ಹದಿನಾಲ್ಕನೇ ತಾರೀಕು ಗುರುವಾರ ಬೀಳುವುದು ಪ್ರತಿ ವರ್ಷ ಒಂದು ಸಲವಾದರೂ ಇದ್ದೇ ಇದೆ, ನೀನು ಮೆಷಿನ್ನಿಗೆ ಕೂತ ಹನ್ನೆರಡು ವರ್ಷದಲ್ಲಿ ಅಂಥವು ಇಪ್ಪತ್ತು ಬಂದಿದ್ದವು ಎಂದು ಪಟ್ಟಿ ಕೊಟ್ಟರು. ಇಪ್ಪತ್ತು ಗುರುವಾರ ಕಾಯ್ದ ಮನುಷ್ಯ ಎಂದು ಅಪ್ಪನ ಮೇಲೆ ಅಯ್ಯೋ ಎನಿಸಿತು. ಕಾಗದ ಹಳೆಯದೆಂದೂ ನಿನ್ನ ಅಳತೆಯದೆಂದೂ ಸಾಬೀತಾದದ್ದರಿಂದ ತೂಕ ನಿನ್ನ ಕಡೆಗಿದೆಯಂತೆ. ನನ್ನ ಲಾಯರು ಮೆತ್ತಗೆ, "ಬೇರೆ ಕಡೆ ಒಂದು ಅಂಗಡಿ ನೋಡಿಟ್ಟಿರಮ್ಮ" ಎಂದರು.

ನೋಡಿಕೊಂಡು ಬಂದೆ. ಬಾಗಿಲ ಕೆಳಗೆ ಚರಂಡಿ. ಮೆಷಿನ್ನು ಇಟ್ಟರೆ ನಾನು ಹೊರಗೆ, ನಾನು ಕೂತರೆ ಮೆಷಿನ್ನು ಹೊರಗೆ. ಅಂತೂ ಇಬ್ಬರೂ ಚರಂಡಿಯ ಮೇಲೆ.

ಅಕ್ಕಾ, ಇದನ್ನು ನಗಿಸಲು ಬರೆದೆ. ಆದರೆ ನನಗೆ ಇದೊಂದೇ ಕಸುಬು, ಇದೊಂದೇ ಸೂರು.

ಗುಂಡಿ


ಮಾರ್ಚ್ 19

ಗುಂಡಿ,

ಚರಂಡಿಯ ವಿಷಯ ಓದಿದೆ.

ಅದು ಬಿಡು. ಕೊನೆಯ ದಿನಗಳಲ್ಲಿ ಅಪ್ಪ ಹೇಗಿದ್ದರು? ಅಂತ್ಯಕ್ರಿಯೆಗೆ ಬಂದಾಗ ಕೇಳಬೇಕಿತ್ತು. ಅಂದು ನಾವಿಬ್ಬರೂ ಮಾತಾಡಿದ್ದು ಬೀಗದ ಕೈ ಯಾರ ಹತ್ತಿರ ಇರಬೇಕೆಂದು ಮಾತ್ರ.

ಕೇಸಿಗಾಗಿ ಕೇಳುತ್ತಿಲ್ಲ.

ಟೇಪು


ಏಪ್ರಿಲ್ 2

ಅಕ್ಕಾ,

ಈ ಸಲ ಮಾನ್ಯ, ಸನ್ನಿಧಾನ ಏನೂ ಇಲ್ಲ. ಕೇಳಿದ್ದೀಯ, ಹೇಳುತ್ತೇನೆ.

ಕಣ್ಣು ಮಂಜಾಗಿತ್ತು, ಒಪ್ಪುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುವ ಬದಲು, "ಗುಂಡಿ, ಈ ಸೂಜಿಗೆ ತೂತು ಇದೆಯಾ ನೋಡು, ಕಂಪನಿಯವರು ಮೋಸ ಮಾಡಿದ್ದಾರೆ" ಎನ್ನುತ್ತಿದ್ದರು. ನಾನೂ ಸೂಜಿಯನ್ನು ಬೆಳಕಿಗೆ ಹಿಡಿದು, "ಹೌದಪ್ಪ, ತೂತು ತುಂಬಾ ಚಿಕ್ಕದು" ಎಂದು ಪೋಣಿಸಿ ಕೊಡುತ್ತಿದ್ದೆ.

ಕತ್ತರಿಯನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಚರ್ಮದ ಚೀಲದಲ್ಲಿ ಹಾಕಿ ತಲೆದಿಂಬಿನ ಪಕ್ಕ ಇಟ್ಟುಕೊಳ್ಳುತ್ತಿದ್ದರು. ಹತ್ತಿರ ಹೋದರೆ ನಾಗರಹಾವಿನ ಹಾಗೆ ನೋಡುತ್ತಿದ್ದರು.

ನಗುವ ಸಂಗತಿಯೂ ಒಂದಿದೆ. ಹೋಗುವುದಕ್ಕೆ ಎರಡು ತಿಂಗಳ ಮುಂಚೆ ಒಂದು ದಿನ, ಬೆಳಿಗ್ಗೆ ಎದ್ದರೆ ಅಪ್ಪ ತಮ್ಮ ಶರಟಿಗೆ ತಾವೇ ಇಸ್ತ್ರಿ ಹಾಕುತ್ತಿದ್ದಾರೆ! ಎಲ್ಲರ ಶರಟು ಹೊಲಿದು ತಾವು ಮಾತ್ರ ಮುದುಡಿದ್ದು ಹಾಕುವ ಮನುಷ್ಯ. "ಏನಪ್ಪಾ ವಿಶೇಷ?" ಎಂದರೆ, "ಇವತ್ತು ಒಂದು ಡೆಲಿವರಿ ಇದೆ" ಎಂದರು. ಶಟರನ್ನು ಅರ್ಧಕ್ಕೆ ಎಳೆದರು, ಬೇರೆ ಗಿರಾಕಿಗಳು ಬರದಿರಲೆಂದು. ಆಮೇಲೆ ಎದ್ದು ಹೋಗಿ ಎರಡು ಗೇಣು ಮೇಲೆತ್ತಿದರು. "ಬರೋರು ಎತ್ತರ ಇದ್ದಾರೆ. ತಲೆಗೆ ತಾಗಬಾರದು."

ಗಿರಾಕಿಗಳು ಕೂರುವ ಬೆಂಚಿನ ಮೇಲೆ ತಾವೇ ಕೂತರು. ಮಧ್ಯಾಹ್ನವಾಯಿತು, ಊಟಕ್ಕೆ ಏಳಲಿಲ್ಲ. "ಏನು ಬಟ್ಟೆ ಅಪ್ಪಾ? ಕಾಜಾ ಗೀಜಾ ಬಾಕಿ ಇದ್ರೆ ಕೊಡಿ, ಹಾಕ್ತೀನಿ" ಎಂದೆ. "ಎಲ್ಲಾ ಮುಗಿದು ಎಷ್ಟೋ ದಿನ ಆಯ್ತು. ಬಂದು ಒಂದು ಸಲ ಹಾಕ್ಕೊಂಡು ನೋಡಬೇಕು ಅಷ್ಟೇ" ಎಂದರು.

ಸಂಜೆಯಾದರೂ ಯಾರೂ ಬರಲಿಲ್ಲ. ನಲವತ್ತು ವರ್ಷ ಗಿರಾಕಿಗಳನ್ನು ಕಾಯಿಸಿದ ಅಪ್ಪನಿಗೆ ಒಬ್ಬ ಗಿರಾಕಿ ಸರಿಯಾಗಿ ಪಾಠ ಕಲಿಸಿದ ಎಂದು ನನಗೆ ಒಳಗೊಳಗೇ ನಗು. ಹಾಗೆಂದೂಬಿಟ್ಟೆ. ಅವರೂ ನಕ್ಕರು. "ಹೌದಲ್ವಾ? ಕೈಯಲ್ಲಿ ಬಟ್ಟೆ ಇಟ್ಕೊಂಡು ಕಾಯೋದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ ಕಣೇ" ಎಂದು ಶಟರ್ ಎಳೆದರು.

ಅದು ಯಾವ ವಾರವೋ ತಾರೀಕೋ ನೆನಪಿಲ್ಲ. ಆ ಎತ್ತರದ ಗಿರಾಕಿ ಬ್ಯಾಂಕಿನ ಮ್ಯಾನೇಜರೇ ಇರಬೇಕು. ಅವನನ್ನು ಕಂಡಾಗಲೆಲ್ಲ ಮುಖ ತಿರುಗಿಸುತ್ತೇನೆ. ಪಾಪ, ಕಾರಣ ಗೊತ್ತಿಲ್ಲದೆ ಒದ್ದಾಡುತ್ತಾನೆ.

ಗುಂಡಿ


ಮೇ 20

ಅಕ್ಕಾ,

ಏಳು ವಾರವಾಯಿತು, ನಿನ್ನಿಂದ ಒಂದು ಅಕ್ಷರವಿಲ್ಲ. ಹುಷಾರಾಗಿದ್ದೀಯ ತಾನೆ? ವೈರಿಗಳ ಆರೋಗ್ಯ ವಿಚಾರಿಸಬಾರದೆಂದು ಕಾನೂನಿದ್ದರೆ ಕೋರ್ಟಿನ ಕಡೆಯಿಂದ ತಿಳಿಸು.

ಗುಂಡಿ


ಜೂನ್ 14

ಗುಂಡಿ,

ಬ್ಯಾಂಕ್ ಮ್ಯಾನೇಜರನ್ನು ಬಿಟ್ಟುಬಿಡು. ಆ ಗಿರಾಕಿ ನಾನು.

ಹದಿನೇಳು ಕಾಗದ ಬರೆದೆ ಎಂದಿದ್ದೆ. ಸುಳ್ಳು, ಹದಿನೆಂಟು. ಹದಿನೆಂಟನೆಯದು ಒಂದು ಕಾರ್ಡು. "ಜೂನ್ ಹದಿನಾಲ್ಕು, ಗುರುವಾರ ಬರುತ್ತೇನೆ. ತಂಗಿಗೆ ಹೇಳಬೇಡಿ" ಎಂದು ಬರೆದಿದ್ದೆ. ಇಂದಿಗೆ ಒಂದು ವರ್ಷ. ನಿನಗೆ ಹೇಳಬೇಡಿ ಎಂದದ್ದು ಯಾಕೆಂದರೆ, ಬರಲಾರೆನೇನೋ ಎಂದು ನನಗೇ ಭಯವಿತ್ತು.

ರಜೆ ಬರೆಸಿಕೊಂಡೆ. ಬಸ್ ನಿಲ್ದಾಣದವರೆಗೂ ಬಂದೆ. ನಾನು ತೊಟ್ಟಿದ್ದು ಫ್ಯಾಕ್ಟರಿಯ ಶರಟು. ಅಪ್ಪ ಮೊದಲು ಮುಖ ನೋಡುವುದಿಲ್ಲ, ಕಾಲರ್ ಮಗುಚಿ ಒಳಗಿನ ಹೊಲಿಗೆ ನೋಡುತ್ತಾರೆ. ನನ್ನ ಕಾಲರಿನೊಳಗೆ ದಾರದ ತುದಿಗಳು ಹಾಗೇ ಇದ್ದವು, ಒಂದು ಗಂಟೆಗೆ ಅರವತ್ತು ಕಾಲರ್ ಹೊಲಿಯುವ ಕಡೆ ತುದಿ ಕತ್ತರಿಸಲು ಪುರುಸೊತ್ತಿಲ್ಲ. ಬೆಂಚಿನ ಮೇಲೆ ಕೂತು ಹಲ್ಲಿನಲ್ಲಿ ಒಂದೊಂದೇ ಕಚ್ಚಿ ತೆಗೆದೆ. ಅಷ್ಟರಲ್ಲಿ ಮೂರು ಬಸ್ಸು ಹೋದವು. ನಾಲ್ಕನೆಯದಕ್ಕೆ ಎದ್ದು ಕೋಣೆಗೆ ಬಂದೆ. ಮುಂದಿನ ವಾರ ಹೋಗೋಣ ಎಂದುಕೊಂಡೆ. ಮುಂದಿನ ವಾರ ಎನ್ನುವುದು ನಮ್ಮ ಮನೆತನದ ರಕ್ತದಲ್ಲೇ ಇದೆ. ಕ್ಷಮಿಸಿ ಎಂದು ಒಂದು ಸಾಲು ಬರೆಯಲೂ ಇಲ್ಲ.

ಇನ್ನೂ ಕೆಟ್ಟದ್ದನ್ನು ಹೇಳಬೇಕಿದೆ. ಉಯಿಲಿನಲ್ಲಿ "14, ಗುರುವಾರ" ಎಂದು ಕಂಡ ದಿನವೇ ನನಗೆ ನನ್ನ ಕಾರ್ಡು ನೆನಪಾಗಿತ್ತು. ಆದರೆ ತಿಂಗಳಿಲ್ಲವಲ್ಲ, ಎಷ್ಟೋ ಗುರುವಾರಗಳಿವೆ ಎಂದುಕೊಂಡೆ. ಅದು ನನ್ನ ಗುರುವಾರವಾಗಿದ್ದರೆ, ಅಪ್ಪ ನನ್ನ ಕಾರ್ಡು ಓದಿದ್ದಾರೆ, ನಂಬಿದ್ದಾರೆ, ಕಾದಿದ್ದಾರೆ. ಹಳೆಯ ಯಾವುದೋ ಗುರುವಾರವಾಗಿದ್ದರೆ ಅವರು ಕಾದಿಲ್ಲ, ನಾನು ಉತ್ತರ ಸಿಗದ ಮಗಳು ಮಾತ್ರ. ಅದನ್ನಾದರೆ ತಡೆದುಕೊಳ್ಳಬಲ್ಲೆ. ಹೇಗಾದರೂ ಮಾಡಿ ಅದು ಬೇರೆ ಗುರುವಾರ ಎಂದು ಹೇಳಿಸಿಕೊಳ್ಳಲು ನಿನ್ನ ಸೂರಿನ ಮೇಲೆ ದಾವೆ ಹೂಡಿದೆ.

ಎರಡು ಗೇಣು ಮೇಲೆತ್ತಿದರು ಎಂದು ಬರೆದೆಯಲ್ಲ. ಆಮೇಲೆ ನನಗೆ ಬೇರೆ ದಾರಿ ಉಳಿಯಲಿಲ್ಲ.

ನನ್ನ ಹಳೇ ಅಳತೆ ಮೇಜಿನ ಮೇಲೆ ಬಂದದ್ದು ನಾನು ಬರುತ್ತೇನೆಂದು. ರಜೆಯ ಚೀಟಿ ಇನ್ನೂ ಇದೆ. ಅದನ್ನು ಕೋರ್ಟಿಗೆ ಕೊಡುತ್ತೇನೆ. ನನ್ನ ಲಾಯರು ತಲೆ ಮೇಲೆ ಕೈಹೊತ್ತು ಕೂತಿದ್ದಾರೆ. ಇಪ್ಪತ್ತೇಳರ ವಾಯಿದೆಗೆ ಬರುತ್ತೇನೆ. ಈ ಸಲ ನಿಜವಾಗಿ.

ಟೇಪು


ಜುಲೈ 19

ಅಕ್ಕಾ,

ಮೂರು ವಾರ ಬೇಕಾಯಿತು ನನಗೆ.

ಅಂದು ಕೋರ್ಟಿನಲ್ಲಿ ನಿನ್ನಿಂದ ಎರಡು ಮಾರು ದೂರದಲ್ಲಿ ನಿಂತಿದ್ದೆ. ಮಾತಾಡಿಸಲಿಲ್ಲ. ಬೇಕೆಂದೇ. ಆ ಬೆಂಚಿನ ಮೇಲೆ ಅಪ್ಪ ಕೂತಿದ್ದ ದಿನ ನಾನು ನಕ್ಕಿದ್ದೆನಲ್ಲ, ಆ ನಗುವನ್ನು ನೀನು ನನ್ನ ಬಾಯಿಗೆ ತುರುಕಿದ ಹಾಗಾಗಿತ್ತು. ಒಂದು ಸಾಲು, ಒಂದೇ ಒಂದು ಸಾಲು ಬರೆದು ಹಾಕಿದ್ದರೆ ಊಟಕ್ಕಾದರೂ ಎಬ್ಬಿಸುತ್ತಿದ್ದೆ.

ಚೀಟಿ ಓದಿ ನ್ಯಾಯಾಧೀಶರು ಕನ್ನಡಕ ತೆಗೆದರು. "ಇದನ್ನ ಹೇಳೋದ್ರಿಂದ ನಿಮಗೆ ಮನೆ ಹೋಗತ್ತೆ, ಗೊತ್ತೇನಮ್ಮ?" ಎಂದರು. "ಗೊತ್ತು" ಎಂದೆ ನೀನು. "ಮತ್ತೆ ಯಾಕೆ ಹೇಳ್ತಾ ಇದ್ದೀರಿ?" "ಅವರು ಕಾದಿದ್ರು ಅಂತ ಎಲ್ಲಾದ್ರೂ ಬರೆದಿರಬೇಕು, ಅದಕ್ಕೆ" ಎಂದುಬಿಟ್ಟೆ ನೀನು. ನಾನು ಗೌನಿನ ಅಂಚನ್ನೇ ನೋಡುತ್ತಾ ನಿಂತಿದ್ದೆ. ಇನ್ನೂ ಹೊಲಿಸಿಕೊಂಡಿಲ್ಲ ಅವರು.

ನೀನು ಆಗಲೇ ಹೊರಟುಹೋಗಿದ್ದೆ, ತೀರ್ಪನ್ನು ನಾನೇ ಹೇಳುತ್ತೇನೆ. ಉಯಿಲನ್ನು ಓದುವವರು ಅದನ್ನು ಬರೆದವನ ಜಾಗದಲ್ಲಿ ಕೂತು ಓದಬೇಕಂತೆ. ಹಾಗೆ ಅಪ್ಪನ ಸ್ಟೂಲಿನ ಮೇಲೆ ಕೂತು ಓದಿದರೆ, "ಈಗ" ಎಂದರೆ ಕಳೆದ ವರ್ಷದ ಜೂನ್ ಹದಿನಾಲ್ಕಕ್ಕೆ ಸ್ವಲ್ಪ ಮುಂಚಿನ ದಿನಗಳು. ಆದ್ದರಿಂದ "ಮಗಳಿಗೆ" ಎಂಬುದರ ಹಿಂದೆ "ಕಿರಿಯ" ಎಂದು ಸೇರಿಸಿ, ತಾರೀಕಿನ ಮುಂದೆ ತಿಂಗಳು, ಇಸವಿ ಸೇರಿಸಿ ಓದಿಕೊಳ್ಳತಕ್ಕದ್ದು. ಅಪ್ಪನ ಹೊಲಿಗೆಗೆ ಕೋರ್ಟು ಮೂರು ತೇಪೆ ಹಾಕಿತು. ಅಪ್ಪ ಬದುಕಿದ್ದರೆ, ಸಡಿಲ ಬಿಟ್ಟಿದ್ದು ಬೇಕೆಂದೇ, ಮುಂದೆ ಬಿಚ್ಚಿಕೊಳ್ಳೋಕೆ ಬಟ್ಟೆ ಇರಲಿ ಅಂತ, ಎಂದು ವಾದಿಸುತ್ತಿದ್ದರು.

ಗೆದ್ದೆ. ಇಸ್ತ್ರಿ ಮಾಮನಿಗೆ ಟೀ ಕೊಡಿಸಿದೆ. ಅವರು ಕುಡಿಯದೆ ತಣ್ಣಗಾಗುವವರೆಗೂ ಕೈಯಲ್ಲಿ ಹಿಡಿದುಕೊಂಡಿದ್ದರು.

ಗುಂಡಿ


ಆಗಸ್ಟ್ 3

ಅಕ್ಕಾ,

ಕೋರ್ಟಿನ ಆಜ್ಞೆಯಂತೆ ಕತ್ತರಿಯನ್ನು ಪಾರ್ಸಲ್ ಮಾಡಿದ್ದೇನೆ. ಕತ್ತರಿ ಕೊಟ್ಟರೆ ಕತ್ತರಿಸಿದ ಹಾಗೆ ಎಂದು ಬರೆದಿದ್ದೆಯಲ್ಲ, ದಡ್ಡಿ. ಒಂಬತ್ತು ವರ್ಷ ನಾನು ಕೇಳಿದೆ, ಒಂದು ಸಲ ನನಗೂ ಬಟ್ಟೆ ಕತ್ತರಿಸೋಕೆ ಕೊಡಿ ಎಂದು. ಏನಂದರು ಗೊತ್ತೇ? "ನಿಂದು ಹೊಲಿಯೋ ಕೈ. ಕತ್ತರಿಸೋ ಕೈ ಅವಳದು. ಅವಳಿಗೆ ಗೆರೆ ಬೇಡ, ಕಣ್ಣಲ್ಲೇ ಅಳೀತಾಳೆ." ಮನೆ ನನಗೆ ಬಂತು. ಮಾಸ್ಟರ್ ಎನಿಸಿಕೊಂಡವಳು ನೀನು. ಹೊಟ್ಟೆ ಉರಿಯುತ್ತದೆ ಎಂದು ಇಷ್ಟು ದಿನ ಹೇಳಲಿಲ್ಲ.

ಎಣ್ಣೆ ಹಚ್ಚೋಣವೆಂದು ಚರ್ಮದ ಚೀಲದಿಂದ ಕತ್ತರಿ ತೆಗೆದೆ. ಚೀಲದ ತಳದಲ್ಲಿ ಎರಡು ಮಡಿಕೆಯಾಗಿ ನಿನ್ನ ಕಾರ್ಡಿತ್ತು. ಅದನ್ನೂ ಜೊತೆಗಿಟ್ಟಿದ್ದೇನೆ. ಏನೂ ಸೇರಿಸಿಲ್ಲ, ಏನೂ ತಿದ್ದಿಲ್ಲ. ನೋಡುವಾಗ ಕೂತುಕೋ.

ನಿನ್ನ ಬರಹದ ಕೆಳಗೆ ಅಪ್ಪನ ನೀಲಿ ಪೆನ್ಸಿಲ್ಲು. 14 ಎಂದು ಬರೆದು ಅದರ ಮೇಲೊಂದು ಗೆರೆ. ಗಿರಾಕಿಗೆ ಹೇಳಿದ ದಿನ ತಪ್ಪಿದರೆ ಪುಸ್ತಕದಲ್ಲಿ ಎಳೆಯುತ್ತಿದ್ದರಲ್ಲ, ಅದೇ ಗೆರೆ. ಪಕ್ಕದಲ್ಲಿ 21, ಗೆರೆ. 28, ಗೆರೆ. 5, 12, 19, 26, 2. ಎಲ್ಲವೂ ಗುರುವಾರ. ಎಲ್ಲಕ್ಕೂ ಗೆರೆ.

ಕೊನೆಯದು 9. ಅದಕ್ಕೆ ಗೆರೆಯಿಲ್ಲ. ಅಪ್ಪ ಹೋದದ್ದು ಏಳನೇ ತಾರೀಕು, ಮಂಗಳವಾರ.

ನಿನ್ನ,
ಗುಂಡಿ


ಆಗಸ್ಟ್ 12

ಗುಂಡಿ,

ಕತ್ತರಿ ಬಂತು. ಹಿಡಿಯ ಒಳಗೆ ಅಪ್ಪನ ಹೆಬ್ಬೆರಳು ಸವೆಸಿದ ಗುಳಿ ಇದೆ. ನನ್ನ ಹೆಬ್ಬೆರಳು ಅದರಲ್ಲಿ ಸ್ವಲ್ಪ ಸಡಿಲ.

ಕಾರ್ಡನ್ನು ಕಿಟಕಿಯ ಹತ್ತಿರ ಇಟ್ಟುಕೊಂಡು ನಾಲ್ಕು ದಿನ ಕೂತೆ. ಒಂಬತ್ತಕ್ಕೆ ಗೆರೆ ಎಳೆಯಬೇಕು, ಆ ದಿನವೂ ನಾನು ಬರಲಿಲ್ಲವಲ್ಲ ಎಂದು ಪೆನ್ಸಿಲ್ ಹಿಡಿದೆ. ಆಗಲಿಲ್ಲ. ಅದು ಹಾಗೇ ಇರಲಿ.

ಒಂದು ಸಣ್ಣ ಪೆಟ್ಟಿಗೆ ಕಟ್ಟಿದ್ದೇನೆ. ಯಾವ ದಿನ ಎಂದು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ತಾರೀಕು ಹೇಳಿದ್ದು ಯಾವುದೂ ತಲುಪಿದ್ದಿಲ್ಲ. ನೀನು ಇಸ್ತ್ರಿ ಶರಟು ಹಾಕಿಕೊಂಡು ಬೆಂಚಿನ ಮೇಲೆ ಕೂರಬೇಡ, ಕೆಲಸ ಮಾಡುತ್ತಿರು. ಕಾಯಬೇಡ. ದಯವಿಟ್ಟು ನೀನಾದರೂ ಕಾಯಬೇಡ.

ಶಟರ್ ಅರ್ಧ ಎಳೆದಿದ್ದರೆ ಹಾಗೇ ಬಿಡು, ನನಗಾಗಿ ಎತ್ತಬೇಡ. ಈ ಸಲ ಬಗ್ಗಿ ಬರುತ್ತೇನೆ.

ನಿನ್ನ ಅಕ್ಕ,
ಟೇಪು